ಹಾಸಿಗೆಯ ಬಲಮಗ್ಗುಲು

ಬೀದಿಯಲ್ಲಿ ಚಿಕ್ಕವರಿಗೂ ದೊಡ್ಡವರಿಗೂ ಅವಳು ಹತ್ತಿಯಕ್ಕ. ಹಳೆಯ ಹಾಸಿಗೆಗಳ ಹೊಲಿಗೆ ಬಿಚ್ಚಿ, ಗಂಟುಗಟ್ಟಿದ ಹತ್ತಿಯನ್ನು ಹಿಂಜಿ, ಬಿಸಿಲಿಗೆ ಹರಡಿ, ಮತ್ತೆ ತುಂಬಿ ಹೊಲಿದುಕೊಡುವುದು ಅವಳ ಕಸುಬು. ಮನೆಯ ಮುಂದಿನ ಕೋಣೆಯೇ ಅಂಗಡಿ. ಒಳಗೆ ಕಾಲಿಟ್ಟವರ ತಲೆ ಹಾರಾಡುವ ಹತ್ತಿಯ ಎಳೆ ಕೂತು ನೋಡನೋಡುತ್ತಿದ್ದಂತೆ ಬೆಳ್ಳಗಾಗುತ್ತಿತ್ತು. "ನಮ್ಮಂಗಡಿಗೆ ಬಂದೋರೆಲ್ಲ ಹಿರಿಯರಾಗೇ ಹೋಗೋದು" ಎಂದು ಅವಳೇ ನಗುತ್ತಿದ್ದಳು.

ಮೊದಲ ಹೊಲಿಗೆ ಬಿಚ್ಚುವ ಮುಂಚೆ ಅವಳದೊಂದು ಅಭ್ಯಾಸವಿತ್ತು. ಹಾಸಿಗೆಯನ್ನು ನೆಲದ ಮೇಲೆ ಹಾಸಿ, ಅಂಗೈಯನ್ನು ಅದರ ಮೇಲೆ ನಿಧಾನವಾಗಿ ಆಡಿಸುವಳು. ಮಲಗಿದವರ ಭಾರಕ್ಕೆ ಬಿದ್ದ ತಗ್ಗುಗಳು ಕೈಗೆ ಸಿಗುತ್ತಿದ್ದವು. ಇಲ್ಲಿ ಗಂಡ, ಅಲ್ಲಿ ಹೆಂಡತಿ, ಇಬ್ಬರ ನಡುವೆ ನುಸುಳಿಕೊಂಡು ಮಲಗುವ ಮಗು. ಮಧ್ಯದಲ್ಲಿ ದಿಣ್ಣೆ ಎದ್ದಿದ್ದರೆ ಗಂಡಹೆಂಡಿರು ಮಾತು ಬಿಟ್ಟಿದ್ದಾರೆಂದೇ ಲೆಕ್ಕ. ಹಗಲಿಡೀ ಬಾಡಿಗೆಯವರ ಮೇಲೆ ಹಾರಾಡುವ ಮನೆ ಮಾಲೀಕನ ಹಾಸಿಗೆಯಲ್ಲಿ ಇದ್ದದ್ದು ಒಂದು ಮೂಲೆಗೆ ಮುದುಡಿಕೊಂಡ ಪುಟ್ಟ ತಗ್ಗು. ಅದನ್ನು ಕಂಡ ದಿನದಿಂದ ಅವನು ಏನೇ ಅಂದರೂ ಹತ್ತಿಯಕ್ಕನಿಗೆ ಸಿಟ್ಟು ಬರುತ್ತಿರಲಿಲ್ಲ. ಎಂಥ ಜೋರಿನವರೂ ಕತ್ತಲಾದ ಮೇಲೆ ಎಲ್ಲವನ್ನೂ ಕೆಳಗಿಟ್ಟು ಕಣ್ಣು ಮುಚ್ಚಲೇಬೇಕಲ್ಲ. ಯಾರೋ ಒಬ್ಬೊಬ್ಬರನ್ನೇ ತಟ್ಟಿ ಮಲಗಿಸಿ ಹೋದ ಗುರುತು ಈ ತಗ್ಗುಗಳು ಎಂದು ಅವಳಿಗೆ ಅನ್ನಿಸುತ್ತಿತ್ತು. ಆ ಯಾರೋ ಯಾರೆಂದು ಕೇಳಿದ್ದರೆ ಅವಳಿಗೆ ಹೇಳಲು ಬರುತ್ತಿರಲಿಲ್ಲ. ಅಂಗೈ ಆಡಿಸುವಷ್ಟು ಹೊತ್ತು ಬಾಯಿ ಬಿಡುತ್ತಿರಲಿಲ್ಲ, ಅಷ್ಟೆ. ಉಳಿದ ಹೊತ್ತೆಲ್ಲ ಅವಳ ಬಾಯಿಗೆ ಬಿಡುವಿರಲಿಲ್ಲ.

ಹೆಂಡತಿ ತೀರಿಕೊಂಡ ಮೇಲೆ ಪೋಸ್ಟ್‌ಮ್ಯಾನ್ ತನ್ನ ಹಾಸಿಗೆ ಹೊತ್ತು ತಂದವನು, ಇಳಿಸಲು ಮನಸ್ಸು ಬಾರದೆ ಬಾಗಿಲಲ್ಲೇ ನಿಂತಿದ್ದ.

"ಅವಳು ಮಲಗ್ತಿದ್ದ ಜಾಗ ಹೋಗ್ಬಿಡುತ್ತಲ್ಲಕ್ಕ."

"ತಗ್ಗು ಹೋಗುತ್ತಪ್ಪ, ಹತ್ತಿ ಎಲ್ಲಿಗೆ ಹೋಗುತ್ತೆ? ಇಳಿಸು ಕೆಳಗೆ" ಎಂದಿದ್ದಳು ಹತ್ತಿಯಕ್ಕ. ಹೇಳುವುದು ಸುಲಭವಾಗಿತ್ತು.

ಒಳಕೋಣೆಯಲ್ಲಿ ಅವಳದೇ ಒಂದು ಹಾಸಿಗೆಯಿತ್ತು. ಗಂಡ ತೀರಿಹೋದಂದಿನಿಂದ ಅವಳು ಅದಕ್ಕೆ ಸೂಜಿ ತಾಗಿಸಿರಲಿಲ್ಲ. ಅವನು ಬಸ್ ಡ್ರೈವರ್, ಭಾರೀ ಆಳು. ಬಲಮಗ್ಗುಲಲ್ಲಿ ಅವನ ತಗ್ಗು ದೋಣಿಯ ಹಾಗೆ ಆಳಕ್ಕೆ ಬಿದ್ದಿತ್ತು. ಅವಳು ಅದರ ಪಕ್ಕದಲ್ಲೇ ನೆಲಕ್ಕೆ ಚಾಪೆ ಹಾಸಿ, ಒಂದು ಕೈಯನ್ನು ಆ ದೋಣಿಯೊಳಗಿಟ್ಟು ಮಲಗುತ್ತಿದ್ದಳು. ಕೇಳಿದವರಿಗೆ ಬೆನ್ನುನೋವಿನ ನೆಪ.

ಹೀಗಿರುವಾಗ ಮಗಳಿಗೆ ಹೆರಿಗೆಯಾಯಿತು, ಗಂಡುಮಗು. ಆಸ್ಪತ್ರೆಗೆ ಊಟದ ಡಬ್ಬಿ ತೆಗೆದುಕೊಂಡು ಹೋದಾಗ ಮಗಳು ಕೇಳಿದಳು.

"ಅಮ್ಮ, ನಾಡಿದ್ದು ಮನೆಗೆ ಕಳಿಸ್ತಾರೆ. ಹೊಲಿಗೆ ಹಾಕಿದಾರೆ, ಚಾಪೆ ಮೇಲೆಲ್ಲ ನನ್ನ ಕೈಲಾಗಲ್ಲ."

"ಹೊಲಿಗೆ ನನ್ನ ಕೈಲಿ ಹಾಕಿಸ್ಬೇಕಿತ್ತು. ಎಳೆ ಕೂಡ ಕಾಣ್ತಿರ್ಲಿಲ್ಲ."

"ನಗಿಸ್ಬೇಡಮ್ಮ, ನೋಯುತ್ತೆ! ನನಗೆ ಅಪ್ಪನ ಹಾಸಿಗೆ ಬೇಕು."

ಹತ್ತಿಯಕ್ಕ ಡಬ್ಬಿಯ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. "ಹೊಸದೇ ಹೊಲೀತೀನಿ ಬಿಡೆ. ಮಗುವಿಗೆ ಹಳೇದ್ಯಾಕೆ?"

"ಅಪ್ಪ ಇವನನ್ನ ಎತ್ಕೊಳ್ಳಲಿಲ್ಲ. ಅವರು ಮಲಗಿದ್ದ ಹತ್ತಿ ಮೇಲಾದ್ರೂ ಇವನು ಮಲಗ್ಲಿ."

"ಅದು ತಗ್ಗು ಬಿದ್ದಿದೆ. ಎಳೆಕೂಸು ಉರುಳಿ ಮೂಗು ಮುಚ್ಕೊಂಡ್ರೆ ಏನೇ ಗತಿ?"

"ಅದಕ್ಕೇ ಬಿಚ್ಚಿ, ಗಟ್ಟಿಯಾಗಿ ತುಂಬು ಅಂತಿರೋದು." ತಾಯಿಯ ಮುಖ ನೋಡಿ ಮಗಳ ದನಿ ಮೆತ್ತಗಾಯಿತು. "ಪೋಸ್ಟ್‌ಮ್ಯಾನ್ ಮಾವಂಗೆ ಏನೋ ಹೇಳಿದ್ಯಲ್ಲ?"

"ಬೇರೆಯವರ ಹಾಸಿಗೆ ಅಂದ್ರೆ ನನಗೆ ಬಾಯಿ ಜಾಸ್ತಿ."

"ಆಗಲ್ಲ ಅಂದ್ರೆ ಬೇಡಮ್ಮ. ನಿಜವಾಗ್ಲೂ."

ಅಷ್ಟರಲ್ಲಿ ತೊಟ್ಟಿಲಲ್ಲಿದ್ದ ಮಗು ಆಕಳಿಸಿತು. ಅಂಗೈಯಗಲದ ಮುಖದಲ್ಲಿ ಬಾಯೊಂದೇ ಉಳಿಯುವಂತೆ, ರಾತ್ರಿ ಡ್ಯೂಟಿ ಮುಗಿಸಿ ಬಂದ ಡ್ರೈವರನ ಹಾಗೆ. ಆಕಳಿಸಿ, ಲೋಕದ ಪರಿವೆಯೇ ಇಲ್ಲದೆ ಕಣ್ಣು ಮುಚ್ಚಿಕೊಂಡಿತು. ಹತ್ತಿಯಕ್ಕ ಅದನ್ನೇ ನೋಡುತ್ತ ಬಹಳ ಹೊತ್ತು ಕೂತಳು.

ಮರುದಿನ ಬೆಳಿಗ್ಗೆ ಗಂಡನ ಹಾಸಿಗೆಯನ್ನು ಮುಂದಿನ ಕೋಣೆಗೆ ಎಳೆದು ತಂದು, ಅದರ ಮೇಲೆ ಅಂಗೈ ಇಟ್ಟಳು. ಇಲ್ಲಿ ಭುಜ, ಇಲ್ಲಿ ಸೊಂಟ, ಇಲ್ಲಿ ಮಡಿಸಿದ ಮೊಣಕಾಲು. ಬೇರೆಯವರ ಹಾಸಿಗೆಯ ಮೇಲೆ ಹೀಗೆ ಬಂದು ಹಾಗೆ ಹೋಗುತ್ತಿದ್ದ ಕೈ ಇಲ್ಲಿ ಏಳಲೇ ಒಲ್ಲದು. ಕೊನೆಗೆ ಆ ಕೈಯನ್ನು ಅಲ್ಲೇ ಬಿಟ್ಟು, ಇನ್ನೊಂದು ಕೈಯಿಂದ ಕತ್ತರಿ ತೆಗೆದುಕೊಂಡಳು.

ಹತ್ತಿ ಹಲಗೆಯಂತೆ ಗಟ್ಟಿಯಾಗಿತ್ತು. ಕೋಲಿನಿಂದ ಬಡಿದಳು, ಬೆರಳಿನಿಂದ ಬಿಡಿಸಿದಳು. ದೋಣಿ ಯಾವಾಗ ಕರಗಿತೋ ತಿಳಿಯಲೇ ಇಲ್ಲ. ಪಕ್ಕದ ಮನೆಯವಳು ಬಾಗಿಲಲ್ಲಿ ಇಣುಕಿದಳು.

"ಏನಕ್ಕ, ಕಣ್ಣೆಲ್ಲ ಕೆಂಪಗಿದೆ?"

"ಧೂಳು ಕಣೆ."

"ಇಷ್ಟು ವರ್ಷ ಇಲ್ಲದ ಧೂಳು ಇವತ್ತೆಲ್ಲಿಂದ ಬಂತು?"

"ಇದು ಡ್ರೈವರ್ ಧೂಳು. ಊರೂರು ಸುತ್ತಿ ತಂದಿದ್ದು. ಹೋಗು, ಒಲೆ ಮೇಲೆ ಏನಾದ್ರೂ ಸೀದು ಹೋದೀತು!"

ತಾರಸಿಯ ಮೇಲೆ ಹಳೇ ಸೀರೆ ಹಾಸಿ ಹತ್ತಿಯನ್ನು ಹರಡಿದಳು. ವರ್ಷಗಟ್ಟಲೆ ಬಿಸಿಲನ್ನೇ ಕಾಣದ ಹತ್ತಿ ಅದು. ಮಧ್ಯಾಹ್ನದ ಹೊತ್ತಿಗೆ ಉಸಿರು ಎಳೆದುಕೊಂಡಂತೆ ಉಬ್ಬಿತು, ಸಂಜೆಗೆ ಅವಳ ಸೊಂಟದವರೆಗೆ ರಾಶಿಯಾಗಿ ಎದ್ದು ನಿಂತಿತು. ಹತ್ತಿಯಕ್ಕ ಸೊಂಟದ ಮೇಲೆ ಕೈಯಿಟ್ಟು ದಿಟ್ಟಿಸಿದಳು. "ಇನ್ನೂ ದಪ್ಪ ಆದ್ರಲ್ಲ ನೀವು!" ಎಂದು ಜೋರಾಗಿ ಅಂದುಬಿಟ್ಟು, ಯಾರಾದರೂ ಕೇಳಿಸಿಕೊಂಡರೇನೋ ಎಂದು ಸುತ್ತ ನೋಡಿದಳು. ನಗು ಬಂತು. ಅದರ ಹಿಂದೆಯೇ ಇನ್ನೊಂದು ಸಲ ಧೂಳೂ ಬಂತು.

ಹೊಸ ಗವಸಿಗೆ ಮೊಣಕಾಲಿನಿಂದ ಒತ್ತಿ ಒತ್ತಿ ತುಂಬಿದಳು. ದಬ್ಬಳಕ್ಕೆ ದಾರ ಪೋಣಿಸಿ ಅಂಚು ಹೊಲಿದಳು. ಹೇಳಿದ ದಿನ ಮಗಳು ಬಂದಳು. ಮಗುವನ್ನು ಹಾಸಿಗೆಯ ಬಲಮಗ್ಗುಲಲ್ಲೇ ಮಲಗಿಸಿದರು.

ಹತ್ತಿಯಕ್ಕ ಬಗ್ಗಿ ನೋಡಿದಳು. ಹಾಸಿಗೆ ಎಳ್ಳಷ್ಟೂ ತಗ್ಗಲಿಲ್ಲ. ಅವಳ ತುಂಬಿಕೆಯೇ ಅಷ್ಟು ಗಟ್ಟಿ, ಆ ಜೀವವೋ ಹತ್ತಿಗಿಂತ ಹಗುರ. ಅದು ಹಾಗೇ ಇರಬೇಕಾದದ್ದು, ಕೂಸಿಗೆ ಅದೇ ಕ್ಷೇಮ ಎಂದು ಗೊತ್ತಿದ್ದೂ ಅವಳಿಗೆ ಒಳಗೊಳಗೇ ಪಿಚ್ಚೆನಿಸಿತು. ಅಷ್ಟು ಬಯಲಾದ ಬಲಮಗ್ಗುಲನ್ನು ಅವಳು ಎಂದೂ ನೋಡಿರಲಿಲ್ಲ.

ಆಗ ಮಗು ಕಾಲು ಝಾಡಿಸಿತು.

"ಅಯ್ಯಯ್ಯೋ, ರಬ್ಬರ್ ಶೀಟ್ ಹಾಕೋದೇ ಮರ್ತೆ! ಹೊಸ ಹಾಸಿಗೆ ಪೂರ್ತಿ ಒದ್ದೆ ಮಾಡ್ಬಿಟ್ಟ ನೋಡಮ್ಮ!"

"ಹೊಸದೆಲ್ಲಿ ಬಂತೇ? ಅವರ ತಾತಂದು. ಯಾವ ಮೊಮ್ಮಗ ತಾತನ ತೊಡೆ ಒದ್ದೆ ಮಾಡಿಲ್ಲ ಹೇಳು?"

ಮಗಳು ಹೊಲಿಗೆ ಹಿಡಿದುಕೊಂಡು ನಕ್ಕಳು, ನಗುತ್ತಲೇ ಅತ್ತಳು. ಹತ್ತಿಯಕ್ಕ ಮಗುವನ್ನು ಎತ್ತಿ ಅವಳ ಕೈಗೆ ಕೊಟ್ಟು, ಒದ್ದೆಯಾದ ಜಾಗದ ಮೇಲೆ ಅಂಗೈ ಇಟ್ಟಳು. ಬೆಚ್ಚಗಿತ್ತು. ಎಂದಿನಂತೆ ಏನೂ ಮಾತಾಡಲಿಲ್ಲ. ಆಮೇಲೆ ಒಣಬಟ್ಟೆ ತರಲು ಎದ್ದು ಹೋದಳು.