ಸಂತೆಯ ದಿನದ ಹಸಿರು

ಹಸಿರು ಬಣ್ಣ ಕಂಡರೆ ನನಗೆ ಸ್ವಲ್ಪ ಅನುಮಾನ. ಹೊಲದ ಹಸಿರಲ್ಲ, ರೈಲಿನ ಸಿಗ್ನಲ್ಲಿನ ಹಸಿರಂತೂ ಅಲ್ಲವೇ ಅಲ್ಲ. ರೈಲ್ವೆ ಜಂಕ್ಷನ್ನಾದ ಅರಸೀಕೆರೆಯಲ್ಲಿ ಹುಟ್ಟಿ ಬೆಳೆದವನು ಅದನ್ನು ಅನುಮಾನಿಸಿದರೆ ಊರಿನವರು ಸುಮ್ಮನಿರುವುದಿಲ್ಲ. ನಾನು ಹೇಳುತ್ತಿರುವುದು ಕಂಪ್ಯೂಟರಿನ ಪರದೆಯ ಮೇಲೆ ‘ಸರಿ, ಸರಿ, ಸರಿ’ ಎಂದು ಸಾಲಾಗಿ ಮೂಡುವ ಹಸಿರು. ಅದನ್ನು ಕಂಡಾಗಲೆಲ್ಲ ನನಗೆ ಜಾವಗಲ್ಲಿನ ಸಂತೆ ನೆನಪಾಗುತ್ತದೆ.

ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ನಾನು ಅರಸೀಕೆರೆಯಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದೆ. ಗೆಳೆಯ ಸೋಮಶೇಖರ ಬೇಲೂರಿನಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದ. ಹಳೇಬೀಡಿನಲ್ಲಿ ನಾಗರತ್ನ ಮೇಡಂ ಹೈಸ್ಕೂಲಿಗೆ ಗಣಿತ ಕಲಿಸುತ್ತಿದ್ದರು. ಮೂವರಿಗೂ ಪ್ರೋಗ್ರಾಂ ಬರೆಯುವ ಹುಚ್ಚು. ಹುಚ್ಚಿಗೆ ಒಂದು ಕೆಲಸ ಬೇಕಲ್ಲ, ಸುತ್ತಲಿನ ಊರುಗಳ ಬಸ್ಸಿನ ವೇಳೆಯನ್ನು ವಾರಕ್ಕೊಂದು ಹಾಳೆಯಾಗಿ ಅಚ್ಚುಹಾಕುವ ಪ್ರೋಗ್ರಾಂ ಶುರುಮಾಡಿದೆವು. ಯಾರೂ ಕೇಳಿರಲಿಲ್ಲ. ಆದರೂ ಹಾಳೆಯನ್ನು ಎಸ್‌ಟಿಡಿ ಬೂತು, ಹೋಟೆಲುಗಳ ಗೋಡೆಗೆ ನಾವೇ ಹೋಗಿ ಅಂಟಿಸಿದೆವು. ಜನ ಓದತೊಡಗಿದರು.

ಮೂವರ ಮನೆಯಲ್ಲೂ ಇಂಟರ್ನೆಟ್ ಇರಲಿಲ್ಲ. ಪ್ರೋಗ್ರಾಂ ಫ್ಲಾಪಿಯೊಳಗೆ ಕೂತು ಕಂಡಕ್ಟರರ ಜೇಬಿನಲ್ಲಿ ಊರೂರು ಸುತ್ತುತ್ತಿತ್ತು. ಅರಸೀಕೆರೆಯಿಂದ ಹೊರಟದ್ದು ಹಳೇಬೀಡಿನಲ್ಲಿ ಒಂದೆರಡು ದಿನ ತಂಗಿ, ಮೇಡಂ ಕೈಯಲ್ಲಿ ತಿದ್ದಿಸಿಕೊಂಡು, ಬೇಲೂರಿಗೆ ಹೋಗಿ, ಸೋಮಶೇಖರನಿಂದ ಮತ್ತಷ್ಟು ತಿದ್ದಿಸಿಕೊಂಡು ವಾಪಸು ಬರುತ್ತಿತ್ತು. “ತಗಳಿ ಸಾರ್, ನಿಮ್ ಬಿಸ್ಕತ್ತು ಬಂದೈತೆ” ಎಂದು ಕಂಡಕ್ಟರು ಕಿಟಕಿಯಿಂದಲೇ ಚಾಚುತ್ತಿದ್ದರು.

ಮೂವರು ಕೈಯಾಡಿಸಿದ ಅಡುಗೆಯ ಕಥೆ ನಿಮಗೆ ಗೊತ್ತು. ಒಬ್ಬರು ಸರಿಮಾಡಿದ್ದು ಇನ್ನೊಬ್ಬರ ಕೈಯಲ್ಲಿ ಕೆಡುತ್ತಿತ್ತು. ಅದಕ್ಕೆ ನಾನು, ಪ್ರೋಗ್ರಾಮನ್ನೇ ಪರೀಕ್ಷೆ ಮಾಡುವ ಚಿಕ್ಕ ಚಿಕ್ಕ ಪ್ರೋಗ್ರಾಂಗಳನ್ನು ಬರೆದೆ. ಇಂಥ ಊರಿಂದ ಇಂಥ ಊರಿಗೆ ಇಷ್ಟು ಗಂಟೆಗೆ ಬಸ್ಸು ಎಂದು ಪ್ರೋಗ್ರಾಂ ಹೇಳಬೇಕು. ಹೇಳಿದರೆ ಹಸಿರು ಗೆರೆ, ತಪ್ಪಿದರೆ ಕೆಂಪು ಗೆರೆ. ತಿದ್ದಿದವರು ಫ್ಲಾಪಿ ಕಳಿಸುವ ಮೊದಲು ಒಂದು ಕೀಲಿ ಒತ್ತಿ ನೋಡಿದರೆ ಸಾಕು. ಒಂದೇ ವಾರದಲ್ಲಿ ಇಂಥವನ್ನು ತೊಂಬತ್ತೆರಡು ಬರೆದು ಬೆನ್ನು ತಟ್ಟಿಕೊಂಡೆ. ಹೆಸರಿಡುವ ಗೋಜಿಗೆ ಹೋಗದೆ ‘ಪರೀಕ್ಷೆ ಒಂದು’ ಎಂದು ಶುರುಮಾಡಿ ‘ಪರೀಕ್ಷೆ ತೊಂಬತ್ತೆರಡು’ ಎಂದು ಮುಗಿಸಿದ್ದೆ.

ಮೊದಲ ಏಟು ಬೇಲೂರಿನಿಂದ ಬಿತ್ತು. ಸೋಮಶೇಖರ ಹಾಳೆಯ ಅಂಚಿನ ಗೀಟುಗಳನ್ನು ತೆಗೆದು ಚಂದಕ್ಕೆ ಚುಕ್ಕಿ ಹಾಕಿದ್ದ. ನಲವತ್ತು ಪರೀಕ್ಷೆಗಳು ಕೆಂಪಾದವು. ನಾನು ಬಸ್ಸಿನ ವೇಳೆಯನ್ನು ಮಾತ್ರ ನೋಡುವ ಬದಲು ಇಡೀ ಹಾಳೆಯನ್ನು ಅಕ್ಷರಕ್ಕೆ ಅಕ್ಷರ ತಾಳೆ ಹಾಕಿದ್ದೆ. ಅವನು ಫೋನಿನಲ್ಲಿ, “ಏನ್ಲಾ, ಚುಕ್ಕಿ ಇಟ್ಟಿದ್ದಕ್ಕೆ ಬಸ್ಸೆಲ್ಲಾ ನಿಂತೋಯ್ತಾ?” ಎಂದ. ನಾನು ನಕ್ಕು ಮಾತು ಮರೆಸಿ, ಗೀಟುಗಳನ್ನೇ ವಾಪಸು ಹಾಕಿಸಿದೆ.

ಎರಡನೆಯದು ಇದಕ್ಕಿಂತ ಮೋಜಿನದು. ಜಾವಗಲ್ಲಿನಿಂದ ಬೇಲೂರಿಗೆ ಬೆಳಗಿನ ಬಸ್ಸು ಎಂಟೂಕಾಲಕ್ಕೆ. ಸಂತೆಯ ದಿನ ಮಾತ್ರ ಏಳೂವರೆಗೇ ಹೊರಡುತ್ತಿತ್ತು, ಎಂಟರ ಹೊತ್ತಿಗೆ ರಸ್ತೆಯನ್ನು ಕುರಿ ಮತ್ತು ಮೂಟೆಗಳು ಹಿಡಿದುಕೊಳ್ಳುತ್ತಿದ್ದವು. ಪ್ರೋಗ್ರಾಮಿಗೆ ಇದು ಗೊತ್ತಿತ್ತು. ನನ್ನ ಪರೀಕ್ಷೆಗೆ ಗೊತ್ತಿರಲಿಲ್ಲ. ಅದು ‘ಇವತ್ತು ಬಸ್ಸು ಎಷ್ಟೊತ್ತಿಗೆ?’ ಎಂದು ಕೇಳಿ, ಯಾವ ದಿನವಾದರೂ ಎಂಟೂಕಾಲು ಎಂಬ ಉತ್ತರವನ್ನೇ ಬಯಸುತ್ತಿತ್ತು. ಹೀಗಾಗಿ ಪ್ರತಿ ಸಂತೆಯ ದಿನ, ಪ್ರೋಗ್ರಾಂ ಸರಿಯಾಗಿದ್ದರೂ, ಆ ಬಸ್ಸಿನ ಮೂರು ಪರೀಕ್ಷೆಗಳಿಗೂ ಕೆಂಪು ಗೆರೆ ಮೂಡುತ್ತಿತ್ತು. ತಿದ್ದುವುದು ಹತ್ತು ನಿಮಿಷದ ಕೆಲಸ. ನಾನು ಅದಕ್ಕೆ ‘ಸಂತೆ ಕೆಂಪು’ ಎಂದು ಹೆಸರಿಟ್ಟು ಸುಮ್ಮನಾದೆ. ಮನೆಯ ಗಡಿಯಾರ ಹತ್ತು ನಿಮಿಷ ಮುಂದಿದ್ದರೆ ಅದನ್ನು ತಿದ್ದದೆ ಮನಸ್ಸಿನಲ್ಲೇ ಹತ್ತು ಕಳೆಯುವ ವಂಶ ನಮ್ಮದು.

ಒಂದು ಸಂತೆಯ ದಿನ ಫ್ಲಾಪಿ ಬಂತು. ಕೀಲಿ ಒತ್ತಿದೆ. ತೊಂಬತ್ತೆರಡೂ ಹಸಿರು! ಸೋಮಶೇಖರನಿಗೆ ಫೋನ್ ಮಾಡಿ ಹೊಗಳಿದೆ. ಅವನು, “ಒಂದಷ್ಟು ಕಸ ಗುಡಿಸ್ದೆ ಕಣೋ” ಎಂದ. ಆ ಖುಷಿಯಲ್ಲಿ ಮುಂದಿನ ವಾರದ ಹಾಳೆಯನ್ನು ಅಚ್ಚುಹಾಕಿ ಕಳಿಸಿದೆ. ಅವನು ಗುಡಿಸಿದ ಕಸದಲ್ಲಿ ಸಂತೆಯ ದಿನಗಳ ಪಟ್ಟಿಯೂ ಸೇರಿತ್ತು. ಪ್ರೋಗ್ರಾಂ ಸಂತೆಯನ್ನೇ ಮರೆತಿತ್ತು. ಮರೆತದ್ದಕ್ಕೇ ನನ್ನ ಪರೀಕ್ಷೆಗಳು ಅದಕ್ಕೆ ನೂರಕ್ಕೆ ನೂರು ಕೊಟ್ಟಿದ್ದವು.

ಮುಂದಿನ ಸಂತೆಯ ದಿನ ಗಿರಿಜಾ ಎಂಬ ಹೆಣ್ಣುಮಗಳಿಗೆ ಬೇಲೂರಿನ ಒಂದು ಶಾಲೆಯಲ್ಲಿ ಟೀಚರ್ ಕೆಲಸದ ಸಂದರ್ಶನವಿತ್ತು, ಹತ್ತು ಗಂಟೆಗೆ. ಹಾರನಹಳ್ಳಿಯವರು, ಜಾವಗಲ್ಲಿಗೆ ಸೊಸೆಯಾಗಿ ಬಂದು ಮೂರು ತಿಂಗಳಾಗಿತ್ತು. ನಮ್ಮ ಹಾಳೆ ನೋಡಿಕೊಂಡು ಎಂಟಕ್ಕೆ ಬಸ್ ಸ್ಟ್ಯಾಂಡಿಗೆ ಬಂದರು. ಬಸ್ಸು ಹೋಗಿ ಅರ್ಧ ಗಂಟೆಯಾಗಿತ್ತು. ಮುಂದಿನ ಬಸ್ಸಿನಲ್ಲಿ ಅವರು ಬೇಲೂರು ಮುಟ್ಟಿದಾಗ ಕೆಲಸ ಬೇರೆಯವರಿಗೆ ಆಗಿಹೋಗಿತ್ತು.

ಬೂತಿನವರಿಂದ ವಿಷಯ ತಿಳಿದು ಅವರ ಮನೆಗೆ ಹೋದೆ. ಕಂಪ್ಯೂಟರ್, ಫ್ಲಾಪಿ, ಪಟ್ಟಿ ಎಂದು ಏನೇನೋ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, “ಸಂತೆ ದಿನ ಬಸ್ಸು ಬೇಗ ಹೊಂಟೋಯ್ತದೆ ಅಂತ ನಮ್ಮತ್ತೆ ಬಡ್ಕಂಡ್ರು ಕಣ್ರೀ. ಕಂಪ್ಯೂಟರ್ ಹಾಳೇಲಿ ಹಂಗಿಲ್ಲ ಅಂತ ನಾನೇ ವಾದ ಮಾಡ್ದೆ” ಎಂದರು. ಅತ್ತೆ ಒಳಗಿನಿಂದ ಕಾಫಿ ತಂದುಕೊಟ್ಟರು. ಅವರು ಬೈದಿದ್ದರೆ ಎಷ್ಟೋ ವಾಸಿಯಿತ್ತು. ನನಗೆ ನಾಚಿಕೆಯಾಯಿತು.

ಪರೀಕ್ಷೆಗಳನ್ನೆಲ್ಲ ಹೊಸದಾಗಿ ಬರೆಯಲು ಹಳೇಬೀಡಿಗೆ ಹೋಗಿ ಕೂತೆ. ನಾಗರತ್ನ ಮೇಡಂ ಎದುರಿಗೆ ಕೂತು, “ನಮ್ಮೂರಿನ ಶಾಸನ ನೋಡಿ. ಯಾರು, ಯಾರಿಗೆ, ಯಾತಕ್ಕೆ ಅಂತ ಬರೆದಿರ್ತಾರೆ, ಆಮೇಲೆ ಬಂದೋರಿಗೆ ಗೊತ್ತಾಗ್ಲಿ ಅಂತ. ನೀವು ಬರೀ ಸರ್ವೆ ನಂಬರ್ ಬರೆದಿದ್ದೀರಿ” ಎಂದರು. ಶಾಸನಗಳ ಕೊನೆಯಲ್ಲಿ, ಇದನ್ನು ಕೆಡಿಸಿದವರಿಗೆ ಇಂಥಿಂಥ ಪಾಪ ಬರಲಿ ಎಂಬ ಶಾಪವೂ ಇರುತ್ತದೆ. ಅದೊಂದನ್ನು ಬಿಟ್ಟು ಉಳಿದದ್ದನ್ನು ಒಪ್ಪಿಕೊಂಡೆ. ತೊಂಬತ್ತೆರಡು ಇದ್ದದ್ದು ಮೂವತ್ತಾಯಿತು. ಒಂದೊಂದೂ ಒಂದೇ ವಿಷಯ ನೋಡುತ್ತಿತ್ತು, ಚುಕ್ಕಿ ಗೀಟಿನ ಸುದ್ದಿಗೆ ಹೋಗುತ್ತಿರಲಿಲ್ಲ, ‘ಇವತ್ತು’ ಎನ್ನದೆ ದಿನ ಯಾವುದೆಂದು ತಾನೇ ಹೇಳುತ್ತಿತ್ತು. ಮೊದಲನೆಯದಕ್ಕೆ ನಿಮ್ಮ ಹೆಸರು ಬಳಸಬಹುದೇ ಎಂದು ಗಿರಿಜಾ ಅವರನ್ನು ಕೇಳಿದೆ. “ಹಾಕ್ಕಳಿ, ಹೋಗಿದ್ ಕೆಲಸ ಏನ್ ವಾಪಸ್ ಬರಲ್ಲ” ಎಂದರು. ಆ ಪರೀಕ್ಷೆ ತಪ್ಪಿದರೆ ಮೂಡುವ ಕೆಂಪು ಗೆರೆ ಇದು: ‘ಸಂತೆಯ ದಿನ ಜಾವಗಲ್ಲಿನ ಗಿರಿಜಾ ಅವರಿಗೆ ಬಸ್ಸು ತಪ್ಪುತ್ತದೆ.’

ವರ್ಷಗಳು ಕಳೆದವು. ಫ್ಲಾಪಿ ಹೋಯಿತು, ಪ್ರೋಗ್ರಾಂ ಇಂಟರ್ನೆಟ್ಟಿಗೆ ಏರಿತು, ಮುಖ ನೋಡದವರೆಲ್ಲ ಅದನ್ನು ತಿದ್ದತೊಡಗಿದರು. ಗಿರಿಜಾ ಊರಿನಲ್ಲೇ ಮನೆಪಾಠ ಹೇಳುತ್ತಿದ್ದರು. ಒಂದು ದಿನ ಎಲ್ಲಿಯವರೋ ಏನೋ, ಒಬ್ಬರಿಂದ ನನಗೆ ಇ-ಮೇಲ್ ಬಂತು: ‘ನಾನು ದಿನಾಂಕದ ಭಾಗವನ್ನು ಚುರುಕುಗೊಳಿಸಿದೆ. ಆದರೆ ಅದರಿಂದ ಗಿರಿಜಾ ಎನ್ನುವವರಿಗೆ ಬಸ್ಸು ತಪ್ಪುತ್ತಿತ್ತು. ಅವರು ಯಾರೋ ನನಗೆ ಗೊತ್ತಿಲ್ಲ, ಮನಸ್ಸು ತಡೆಯಲಿಲ್ಲ. ಎರಡು ದಿನ ಕೂತು ಸರಿಮಾಡಿದ್ದೇನೆ.’

ಅದನ್ನು ಅಚ್ಚುಹಾಕಿಕೊಂಡು ಜಾವಗಲ್ಲಿಗೆ ಹೋದೆ. ಗಿರಿಜಾ ಪಾಠ ನಿಲ್ಲಿಸಿ, ಕಾಗದವನ್ನು ಎರಡು ಸಲ ಓದಿದರು. ಮಡಿಸಿ ಪುಸ್ತಕದೊಳಗಿಟ್ಟರು.

“ಬಸ್ಸು ಸಿಕ್ತು ಅಂತ ಬರೀರಿ ಅವ್ರಿಗೆ” ಎಂದರು.