ಸುತ್ತುಗಳ ನಡುವಿನ ಒಂದು ನಿಮಿಷ

ಹೋದ ತಿಂಗಳು ಮೂಡಲಗಿಯಲ್ಲಿ ಒಂದು ಮಾಳಿಗೆಯ ಮೇಲಿಂದ ಹಳೆಯ ದೊಡ್ಡ ಡಿಶ್ ಇಳಿಸಿದೆ. ಜಾಲರಿಯ ಡಿಶ್, ಈಗ ಯಾರೂ ಕೇಳುವುದಿಲ್ಲ. ಬೋಲ್ಟುಗಳೆಲ್ಲ ಜಂಗು ಹಿಡಿದು ಕಂಬಕ್ಕೆ ಅಂಟಿಕೊಂಡಿದ್ದವು. ಎಣ್ಣೆ ಬಿಟ್ಟು ಸುತ್ತಿಗೆಯಿಂದ ಬಡಿದಾಗ ಕೆಂಪು ಪುಡಿ ಮುಖಕ್ಕೆ ಉದುರಿತು. ಆ ಜಂಗಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಮಾಲಕರು ಬಂದು ಬಾಜೂ ನಿಂತಂತಾಯಿತು. ಆ ಮನೆ ಅವರದೇ. ಆ ಡಿಶ್ ಅಲ್ಲಿ ಕೂಡಿಸಿದವರೂ ನಾವಿಬ್ಬರೇ.

ನಾನು ಏಳನೇ ತರಗತಿಗೇ ಸಾಲಿ ಬಿಟ್ಟವನು. ಮದುವೆಯಾಗಿ ಮಕ್ಕಳಾದ ಮೇಲೆ ಅವರ ಟಿವಿ ರಿಪೇರಿ ಅಂಗಡಿ ಸೇರಿದೆ. ಅವರು ಒಳಗೆ ಟಿವಿ ಬಿಚ್ಚುತ್ತಿದ್ದರು, ನಾನು ಊರೂರ ಮಾಳಿಗೆ ಹತ್ತುತ್ತಿದ್ದೆ. ಗೋಕಾಕದಿಂದ ಹುಕ್ಕೇರಿಯವರೆಗೆ ನಾನು ಕೂಡಿಸಿದ ಡಿಶ್ ಗಾಳಿಗೆ ಅಲುಗಿತು ಎಂದು ಯಾರೂ ತಿರುಗಿ ಕರೆದದ್ದಿಲ್ಲ. ಸೊಕ್ಕಿನ ಮಾತಲ್ಲ ಇದು... ಸೊಕ್ಕು ಅಂದರೂ ನಡೆಯುತ್ತದೆ, ದುಡಿದು ಗಳಿಸಿದ ಸೊಕ್ಕು.

ಮಾಲಕರಿಗೆ ಒಬ್ಬಳೇ ಮಗಳು. ಗೋಕಾಕದಲ್ಲಿ ಮಿಲಿಟರಿ ನೌಕರಿ ಮುಗಿಸಿ ಬಂದ ಕೋಚ್ ಒಬ್ಬರು ಹುಡುಗಿಯರಿಗೂ ಬಾಕ್ಸಿಂಗ್ ಕಲಿಸುತ್ತಿದ್ದರು. ಇವಳು ದಿನಾ ಕಾಲೇಜು ಮುಗಿಸಿ ಅಲ್ಲಿಗೆ ಹೋಗಿ, ಸಂಜೆಯ ಬಸ್ಸಿಗೆ ಮೂಡಲಗಿಗೆ ಬರುತ್ತಿದ್ದಳು. ಮಾಲಕರು ಹೋಗು ಅನ್ನಲಿಲ್ಲ, ಬೇಡ ಅನ್ನಲೂ ಇಲ್ಲ. ಆದರೆ ಅಂಗಡಿಯ ಟಿವಿಯಲ್ಲಿ ಎಲ್ಲಿ ಬಾಕ್ಸಿಂಗ್ ಬಂದರೂ ಕೈಯಲ್ಲಿನ ಕೆಲಸ ಬಿಟ್ಟು ನೋಡುತ್ತಿದ್ದರು. ನಮ್ಮ ಚಾನೆಲ್ಲುಗಳಲ್ಲಿ ಒಂದು ಸುತ್ತು ಮುಗಿದು ಗಂಟೆ ಬಾರಿಸಿತೋ ಇಲ್ಲವೋ, ಜಾಹೀರಾತು ಬಂದುಬಿಡುತ್ತಿತ್ತು. ತಿರುಗಿ ಬರುವುದರೊಳಗೆ ಮುಂದಿನ ಸುತ್ತು ಶುರುವಾಗಿರುತ್ತಿತ್ತು.

"ಆ ಹುಡುಗನ ಹುಬ್ಬ ಒಡದಿತ್ತಲೋ ತಮ್ಮಾ," ಎನ್ನುತ್ತಿದ್ದರು. "ಅವಗ ಯಾರರೆ ನೀರ ಕೊಟ್ರೋ ಇಲ್ಲೋ? ಅದನ್ನ ಬಿಟ್ಟ ಸಾಬಾಣ ತೋರಸ್ತಾರ ನೋಡ, ಸಾಬಾಣ!"

ಒಂದು ರವಿವಾರ ಕ್ರಿಕೆಟ್ ಹುಡುಕಲೆಂದು ಅವರ ಮಾಳಿಗೆಯ ಮೇಲಿನ ಡಿಶ್ ತಿರುಗಿಸುತ್ತಿದ್ದೆ. ಕೆಳಗಿನಿಂದ ಮಾಲಕರು ಕೂಗಿದರು: "ನಿಲ್ಲ, ನಿಲ್ಲ! ಅಲುಗಾಡಸಬ್ಯಾಡ!" ಇಳಿದು ಬಂದು ನೋಡಿದರೆ ಜಪಾನಿನ ಚಾನೆಲ್. ಬಾಕ್ಸಿಂಗ್ ನಡೆದಿತ್ತು.

ಅವರು ತೋರಿಸುವ ರೀತಿಯೇ ಬೇರೆ. ಗಂಟೆ ಬಾರಿಸಿದ ಮೇಲೆ ಜಾಹೀರಾತಿಲ್ಲ. ಕ್ಯಾಮೆರಾ ಆಟಗಾರನ ಹಿಂದೆಯೇ ರಿಂಗಿನಲ್ಲಿ ಅವನು ದಣಿವಾರಿಸಿಕೊಳ್ಳುವ ಮೂಲೆಗೆ ಹೋಗುತ್ತಿತ್ತು. ಸ್ಟೂಲು ಇಡುವುದು, ಹಲ್ಲು ಕಾಯಲು ಕಚ್ಚಿಕೊಂಡ ರಬ್ಬರು ತೆಗೆಯುವುದು, ನೀರು ಕುಡಿಸುವುದು, ಹುಬ್ಬಿನ ಗಾಯ ಒತ್ತಿ ಹಿಡಿಯುವುದು, ಎಲ್ಲವನ್ನೂ ಆ ಒಂದು ನಿಮಿಷ ಪೂರಾ ತೋರಿಸುತ್ತಿದ್ದರು. ಮೂಲೆಯ ಮಾತು ಕೇಳಲಿ ಎಂದು ಕಾಮೆಂಟರಿ ಹೇಳುವವರೂ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಆಟ ಮುಗಿದ ಮೇಲೆ ಗೆದ್ದವನ ಕುಣಿತ ತೋರಿಸಿ ಕೈತೊಳೆದುಕೊಳ್ಳುತ್ತಿರಲಿಲ್ಲ. ಸೋತವನು ಬಗ್ಗಿ ನಮಸ್ಕರಿಸಿ, ಹಗ್ಗ ದಾಟಿ, ಕೆಳಗಿಳಿದು ಹೋಗುವವರೆಗೂ ಅವನ ಬೆನ್ನು ಕಾಣುತ್ತಿತ್ತು... ಮಾಲಕರು ಅವತ್ತು ಊಟಕ್ಕೇಳಲಿಲ್ಲ. ಆ ಡಿಶ್ ಮತ್ತೆ ಕ್ರಿಕೆಟ್ಟಿನ ಕಡೆ ತಿರುಗಲೂ ಇಲ್ಲ.

ಕೆಲವು ವಾರಗಳಲ್ಲೇ ಅವರಿಗೆ ಒಂದು ಹುಚ್ಚು ಹತ್ತಿತು. ಮಗಳ ಮೂಲೆಯಲ್ಲಿ ತಾವೇ ನಿಲ್ಲಬೇಕು. ಕಲಿಯಲು ಬಾಕ್ಸರ್ ಬೇಕಲ್ಲ? ನಾನಿದ್ದೆ. ಮಧ್ಯಾಹ್ನ ಗಿರಾಕಿ ಕಡಿಮೆಯಿದ್ದಾಗ ನನ್ನನ್ನು ಸ್ಟೂಲಿನ ಮೇಲೆ ಕೂಡಿಸಿ, ಬಾಯಿ ತೆರೆಸಿ, ನೀರು ಹಾಕಿ, ಟವೆಲ್ಲಿನಿಂದ ಮುಖ ಒತ್ತುತ್ತಿದ್ದರು.

"ಮಾಲಕರ, ನೀರ ಅಂಗಿಯೊಳಗ ಹೊಂಟಾವ್ರಿ."

"ಸುಮ್ನ ಕುಂಡ್ರೋ. ಹೊಡತ ತಿಂದ ಬಂದಾಂವ ಹಿಂಗ ಮಾತಾಡ್ತಾನೇನ?"

ಒಮ್ಮೆ ರಿಮೋಟ್ ರಿಪೇರಿಗೆ ಬಂದ ಗಿರಾಕಿ ಬಾಗಿಲಲ್ಲೇ ನಿಂತು, "ಏನ್ರಿ ಇದು, ಹಲ್ಲ ಕೀಳೂದೂ ಚಾಲೂ ಮಾಡೀರೇನ?" ಎಂದು ನಕ್ಕ. "ತಡೀರಿ, ಇನ್ನಾ ನಿಮಿಷ ಮುಗದಿಲ್ಲ," ಅಂದರು ಮಾಲಕರು, ತಿರುಗಿ ಸಹ ನೋಡದೆ.

ಆಮೇಲೆ ನಾನೇ ಕೇಳಿದೆ. "ನೀರ ಕುಡಿಸೂದ ಖರೆ. ಆದ್ರ ಟಿವ್ಯಾಗ ಆ ಮನಶಾ ಕಿವ್ಯಾಗ ಏನೋ ಹೇಳ್ತಾನಲ್ರಿ, ಅದೇನು?"

"ಅದು ಜಪಾನಿ ಮಾತು. ನನಗೇನ ತಿಳೀತೈತಿ, ನಿನಗೇನ ತಿಳೀತೈತಿ?" ಅಂದರು. "ಹೇಳೂದೆಲ್ಲಾ ಕೋಚ್ ಹೇಳಿರ್ತಾರ. ನಂದು ನೀರ, ಟವೆಲ್. ಅಷ್ಟ."

ಹುಕ್ಕೇರಿಯಲ್ಲಿ ಆಟ ಬಂತು. ಅಲ್ಲಿ ಗೆದ್ದವಳನ್ನು ದೊಡ್ಡ ತರಬೇತಿಗೆ ಕಳಿಸುವವರಿದ್ದರು. ಮಗಳು ಅದಕ್ಕಾಗಿಯೇ ವರ್ಷಪೂರ್ತಿ ಬಸ್ಸಿನಲ್ಲಿ ಜೋತಾಡಿದ್ದಳು. ಕಡೆಯ ಆಟಕ್ಕೆ ಉಳಿದ ಇಬ್ಬರೂ ಗೋಕಾಕದ ಅದೇ ಕೋಚ್ ಅವರ ಶಿಷ್ಯೆಯರು, ಇವಳು ಮತ್ತು ನಾಗನೂರಿನ ಒಬ್ಬ ಹುಡುಗಿ. "ಇಬ್ಬರೂ ನನ್ನ ಹುಡುಗ್ಯಾರು. ನಾ ಯಾರ ಮೂಲ್ಯಾಗೂ ನಿಲ್ಲೂದಿಲ್ಲ," ಎಂದು ಕೋಚ್ ದೂರ ಹೋಗಿ ಕುಳಿತರು. ಆ ಹುಡುಗಿಯ ಮೂಲೆಗೆ ಅವಳ ಅಣ್ಣ ನಿಂತ. ಇವಳ ಮೂಲೆಗೆ ಮಾಲಕರು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹೆಗಲ ಮೇಲೆ ಹೊಸ ಟವೆಲ್ ಹಾಕಿ. ಕೆಳಗೆ ಬಕೆಟ್ ಹಿಡಿದು ನಾನು.

ಮೊದಲ ಸುತ್ತು ಇವಳದೇ. ಎರಡನೆಯದರಲ್ಲಿ ಇವಳ ಮುಖದ ಎಡಗಡೆ ಎರಡು ಏಟು ಜೋರಾಗಿ ಬಿದ್ದವು. ಗಂಟೆ ಬಾರಿಸಿತು. ಅವಳು ಬಂದು ಕೂತಳು. ಮಾಲಕರು ಕೆಲಸಕ್ಕೆ ಇಳಿದರು. ಸ್ಟೂಲು, ರಬ್ಬರು, ನೀರು, ಉಗುಳಿಸುವುದು, ಉಜ್ಜದೆ ಒತ್ತಿ ಮುಖ ಒರೆಸುವುದು, ಎಲ್ಲ ಆ ಚಾನೆಲ್ಲಿನಲ್ಲಿ ನೋಡಿದಂತೆಯೇ. ಆಮೇಲೆ ಕೆಲಸ ಮುಗಿಯಿತು, ನಿಮಿಷ ಇನ್ನೂ ಉಳಿದಿತ್ತು. ಮಗಳು ಮುಖವೆತ್ತಿ ಅಪ್ಪನನ್ನೇ ನೋಡುತ್ತಿದ್ದಳು, ಏನಾದರೂ ಹೇಳಲಿ ಎಂದು. ಎದುರು ಮೂಲೆಯಲ್ಲಿ ಆ ಅಣ್ಣ, "ಬಿಡಬ್ಯಾಡ, ಹೊಡಿ, ಹೊಡಿ!" ಎಂದು ಒದರುತ್ತಿದ್ದ.

ಮಾಲಕರು ಮಗಳ ಗಲ್ಲ ಹಿಡಿದು ಕೇಳಿದರು: "ಸಾಕೇನವಾ?"

ಅವಳು ತಲೆ ತಗ್ಗಿಸಿ, "ಸಾಕಪ್ಪಾ" ಅಂದಳು.

ಆಟ ಬಿಟ್ಟೆವೆಂದು ಮಾಲಕರು ರೆಫರಿಗೆ ಕೈಸನ್ನೆ ಮಾಡಿದರು. ರೆಫರಿ ನಾಗನೂರಿನ ಹುಡುಗಿಯ ಕೈ ಮೇಲೆತ್ತಿದರು.

ಸೋಮವಾರ ಅವಳು ಗೋಕಾಕದ ಬಸ್ಸು ಹತ್ತಲಿಲ್ಲ, ಆಮೇಲೂ ಇಲ್ಲ. ಮನೆಯಲ್ಲಿ ಜಗಳವೇನೂ ಆಗಲಿಲ್ಲ. ಎಲ್ಲ ಮಾತು ನಡೆಯುತ್ತಿತ್ತು, ಅದೊಂದನ್ನು ಬಿಟ್ಟು. ಮಾಲಕರು ಮಾತ್ರ ಸಾಲ್ಡರಿಂಗ್ ಮಾಡುತ್ತ ಮಾಡುತ್ತ ಕೈ ನಿಲ್ಲಿಸಿ ನನ್ನನ್ನು ಕೇಳುತ್ತಿದ್ದರು.

"ಗೆಲ್ಲೂ ಹುಡುಗಿನ್ನ ನಾನ ಸೋಲಿಸಿದೆ ಹೌದಲ್ಲೋ? ಹೊಡಿ ಅನಬೇಕಿತ್ತ ನಾ. ಸಾಕೇನ ಅಂತ ಯಾವ ಅಪ್ಪ ಕೇಳ್ತಾನ?"

"ಬಿಡ್ರಿ ಮಾಲಕರ," ಎನ್ನುತ್ತಿದ್ದೆ.

"ಆ ಜಪಾನದವ್ರು ಕಿವ್ಯಾಗ ಏನ ಹೇಳ್ತಿದ್ರೋ, ಮೊದಲ ಅದನ್ನ ಕಲೀಬೇಕಿತ್ತು..."

ಮುಂದೆ ರೊಕ್ಕ ಕಟ್ಟಿದವರಿಗಷ್ಟೇ ಎಂದು ಆ ಚಾನೆಲ್ಲಿಗೂ ಬೀಗ ಬಿತ್ತು. ಪರದೆ ಕಪ್ಪಾಯಿತು. ಹುಡುಕು ಎಂದು ಅವರು ಹೇಳಲಿಲ್ಲ. ಸಣ್ಣ ಡಿಶ್‌ಗಳು ಬಂದವು, ಆಮೇಲೆ ಎಲ್ಲವೂ ಮೊಬೈಲಿನೊಳಗೆ ಹೋಯಿತು. ನಾನು ಗೋಕಾಕದಲ್ಲಿ ನನ್ನದೇ ಅಂಗಡಿ ಹಾಕಿದೆ. ಭೇಟಿಗೆ ಹೋದಾಗಲೆಲ್ಲ ಚಹಾ ಮುಗಿಯುವುದರೊಳಗೆ ಅದೇ ಪ್ರಶ್ನೆ ಬರುತ್ತಿತ್ತು. ಹೋದ ವರ್ಷ ಎದೆನೋವು ಬಂದು, ದವಾಖಾನೆ ಮುಟ್ಟುವ ಮೊದಲೇ ಹೋಗಿಬಿಟ್ಟರು.

ಮಗಳು ಈಗ ಸಾಲಿಯೊಂದರಲ್ಲಿ ಆಟದ ಟೀಚರ್. ತಾಯಿಯ ಜೊತೆಗಿದ್ದು ಮೇಲಂತಸ್ತು ಕಟ್ಟಿಸುತ್ತಿದ್ದಾಳೆ. ಡಿಶ್ ಇಳಿಸಲು ನನ್ನನ್ನು ಕರೆದವಳು ಅವಳೇ. ಕೆಲಸ ಮುಗಿಯುವ ಹೊತ್ತಿಗೆ ಚಹಾ ಹಿಡಿದು ಮಾಳಿಗೆಗೆ ಬಂದಳು. ಮಾತಿಗೆ ಮಾತು ಬಂದು ಹುಕ್ಕೇರಿಯ ಸುದ್ದಿ ತೆಗೆದಳು.

"ಕಾಕಾ, ಅವತ್ತ ನನಗ ಎಡಗಣ್ಣೀಲೆ ಏನೂ ಕಾಣಾಕತ್ತಿದ್ದಿಲ್ರಿ. ಮಂಜ ಮುಸುಕಿದಂಗ ಆಗಿತ್ತು. ಆ ಕಡಿಯಿಂದ ಬರೂ ಏಟ ಗೊತ್ತ ಆಗತಿದ್ದಿಲ್ಲ. ಹೊಡಿ ಅಂದಿದ್ರ ಎದ್ದ ಹೋಗತಿದ್ದೆ, ಖರೆ ಹೇಳ್ತೇನಿ. ಅಪ್ಪ ಸಾಕೇನ ಅಂತ ಕೇಳಿದ್ದಕ್ಕ ಉಳದೆ."

ನಾನು ಚಹಾದ ಕಪ್ಪು ಕೆಳಗಿಟ್ಟೆ. "ಇದನ್ನ ಅವರಿಗೆ ಹೇಳಿದ್ದಿಯೇನವಾ?"

"ಮೊದಲ ಸಿಟ್ಟಿತ್ತು, ಸೋತ ಸಿಟ್ಟು. ಆಮ್ಯಾಲ, ಕೇಳ್ಲಿ, ಕೇಳಿದ್ರ ಹೇಳೂಣು ಅಂತಿದ್ದೆ." ಅವಳು ಓಣಿಯ ಕಡೆ ತಿರುಗಿದಳು. "ಅವತ್ತಿನಿಂದ ಅಪ್ಪ ನನ್ನ ಏನೂ ಕೇಳ್ಲಿಲ್ರಿ ಕಾಕಾ. ನೌಕರಿಗೂ, ಮದವಿ ಬ್ಯಾಡ ಅಂದಾಗೂ, ನಿನ್ನ ಮನಸಿಗೆ ಬಂದಂಗ ಮಾಡವಾ ಅಂತಿದ್ದ. ಅಷ್ಟ."

ಹೇಳಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ಆದರೆ ಆ ಮಾತು ನನ್ನದಾಗಿರಲಿಲ್ಲ, ಅವಳದಾಗಿತ್ತು. ಗೆಲ್ಲುವ ಹುಡುಗಿಯನ್ನು ನಾನೇ ಸೋಲಿಸಿದೆ ಹೌದಲ್ಲೋ ಎಂದು ಅವಳಪ್ಪ ಅಷ್ಟು ವರ್ಷ ನನ್ನನ್ನು ಕೇಳುತ್ತಿದ್ದುದನ್ನು ಹೇಳಿದೆ.

ಅವಳು ಮಾಳಿಗೆಯ ಕಟ್ಟೆಯ ಮೇಲೆ ಕೂತುಬಿಟ್ಟಳು. ಕೆಳಗಿನಿಂದ ಅವಳವ್ವ ಎರಡು ಸಲ ಕೂಗಿ ಕರೆದರೂ ಏಳಲಿಲ್ಲ.