ದೋಣಿಯಲ್ಲಿ ಮೊಸರು ಕಡೆದ ನಮ್ಮಪ್ಪ

ನಮ್ಮ ಮನೆಯಲ್ಲಿ ಕುರಿಗಿದ್ದ ಮರ್ಯಾದೆ ಮನುಷ್ಯರಿಗೆ ಇರಲಿಲ್ಲ. ಬೀರಪ್ಪನ ಒಕ್ಕಲು ನಾವು, ಅಪ್ಪ ಹುಟ್ಟಾ ಕುರಿಗಾರ. ಲೋಕದ ಯಾವ ತೊಡಕಿಗೂ ಅವನ ಹತ್ತಿರ ಕುರಿಯದೊಂದು ಉಪಾಯ ಇರುತ್ತಿತ್ತು. ನನಗೆ ಜ್ವರ ಬಂದರೂ ಹಣೆ ಬಿಟ್ಟು, ಕುರಿಗೆ ನೋಡುವಂತೆ, ಮೊದಲು ಕಿವಿ ಮುಟ್ಟಿ ನೋಡುತ್ತಿದ್ದ.

ಆ ಮಳೆಗಾಲದಲ್ಲಿ ಮುಧೋಳದ ಕಡೆಯಿಂದ ಜೀಪೊಂದು ಬಂದು, ಮೇಲಿನ ಡ್ಯಾಮಿನಿಂದ ನೀರು ಬಿಟ್ಟಿದ್ದಾರೆ, ಹೊಳೆದಂಡೆಯವರು ಮನೆ ಖಾಲಿ ಮಾಡಿ ಎಂದು ಮೈಕಿನಲ್ಲಿ ಕೂಗಿಕೊಂಡು ಹೋಯಿತು. ಕುರಿಹಿಂಡನ್ನು ಕಾಕಾ ಆಗಲೇ ರನ್ನ ಬೆಳಗಲಿಯ ಕಡೆ ಹೊಡೆದುಕೊಂಡು ಹೋಗಿದ್ದ. ಕೋಳಿಗಳನ್ನು, ಹಾಲಿನ ಮೇಕೆಯನ್ನು ಟ್ರ್ಯಾಕ್ಟರಿಗೆ ಏರಿಸಿದೆವು. ನಾಯಿಯಂತೂ ಯಾರೂ ಕರೆಯುವ ಮೊದಲೇ ಹತ್ತಿ ಸಾಹುಕಾರನಂತೆ ಕುಳಿತಿತ್ತು. ಉಳಿದದ್ದು ಆಯಿಯ ಬೆಕ್ಕು. ಅಟ್ಟದ ಮೇಲೆ ಮರಿ ಹಾಕಿತ್ತು, ಮರಿಗಳಿನ್ನೂ ಕಣ್ಣು ಬಿಟ್ಟಿರಲಿಲ್ಲ. ಆಯಿ ಎಂದರೆ ಅಪ್ಪನ ಅವ್ವ. ಬೆಕ್ಕು ಬರದೆ ತಾನೂ ಬರುವುದಿಲ್ಲ ಎಂದು ಕಟ್ಟೆಯ ಮೇಲೆ ಕುಳಿತುಬಿಟ್ಟಳು.

“ಯವ್ವಾ, ಮರಿ ಎತ್ಕೊಂಡು ಮುಂದ ನಡದ್ರ ತಾಯಿ ತಾನಾ ಹಿಂದಿಂದ ಬರತೈತಿ. ಏಳ ಬೇ,” ಎಂದ ಅಪ್ಪ.

“ಅದು ಕುರಿ ಅಲ್ಲೋ ತಮ್ಮಾ. ನಾಯಿ ಮಂದಿನ್ನ ಹಿಡದಿರತೈತಿ, ಬೆಕ್ಕು ಮನಿನ್ನ ಹಿಡದಿರತೈತಿ,” ಎಂದಳು ಆಯಿ.

ಅಪ್ಪ ಕೇಳಬೇಕಲ್ಲ! ಮರಿಗಳನ್ನು ಬುಟ್ಟಿಯಲ್ಲಿಟ್ಟು ಒಂದು ಕೈಯಲ್ಲಿ ಹಿಡಿದ, ನನ್ನನ್ನು ಇನ್ನೊಂದು ಕಂಕುಳಲ್ಲಿ ಎತ್ತಿಕೊಂಡ, ಟ್ರ್ಯಾಕ್ಟರಿನ ಕಡೆ ನಡೆದ. ಉಪಾಯ ಅರ್ಧ ಫಲಿಸಿತು. ನಾನು ಅತ್ತದ್ದು ಕೇಳಿ ಆಯಿ ಮೊಸರಿನ ಗಡಿಗೆ, ಕಡಗೋಲು ಹಿಡಿದುಕೊಂಡು ಬೈಯುತ್ತಾ ಹಿಂದೆಯೇ ಬಂದಳು. ಬೆಕ್ಕು ಮಾತ್ರ ನಮ್ಮನ್ನೊಮ್ಮೆ ನೋಡಿ ಅಟ್ಟದ ಮೂಲೆಗೆ ಸರಿಯಿತು. ಹೊಳೆ ಆಗಲೇ ಓಣಿಯೊಳಗೆ ಬಂದಿತ್ತು. ಡ್ರೈವರ್ ಕಾಯಲಿಲ್ಲ.

ದಿನ್ನೆಯ ಮೇಲಿನ ಶಾಲೆಯಲ್ಲಿ ನಮಗೆ ಜಾಗ ಸಿಕ್ಕಿತು. ಮರಿಗಳು ಒಂದೇ ಸಮ ಕೂಗುತ್ತಿದ್ದವು. ಆಯಿ ಹತ್ತಿಯ ಬತ್ತಿಯನ್ನು ಮೇಕೆ ಹಾಲಿನಲ್ಲಿ ಅದ್ದಿ ಬಾಯಿಗಿಟ್ಟರೆ ಮುಖ ತಿರುಗಿಸುತ್ತಿದ್ದವು. ತಾಯಿ ಸಿಗದಿದ್ದರೆ ಇವು ಉಳಿಯುವುದಿಲ್ಲ ಎಂದು ನನಗೂ ತಿಳಿಯುತ್ತಿತ್ತು. ಅತ್ತ ನಮ್ಮದು ಮಣ್ಣಿನ ಗೋಡೆ. ನೀರು ಕುಡಿದ ಗೋಡೆ ಯಾವಾಗ ಕೂರುತ್ತದೋ ಹೇಳಲಾಗದು. ಆಯಿ ಊಟ ಮುಟ್ಟಲಿಲ್ಲ. ಕುರಿಯ ಉಪಾಯಗಳೆಲ್ಲ ಮುಗಿದ ಅಪ್ಪ ರಾತ್ರಿಯೆಲ್ಲ ದಿನ್ನೆಯ ಅಂಚಿಗೆ ಹೋಗಿ ಮನೆಯ ಕಡೆ ನೋಡಿ ಬರುತ್ತಿದ್ದ.

ಬೆಳಗ್ಗೆ ಪರಿಹಾರದ ದೋಣಿ ಬಂತು. ಬೆಕ್ಕು ತರಲು ಆಯಿಯೇ ಹೊರಟಳು. ಮುದುಕಿಯನ್ನು ಕೂಡಿಸಿಕೊಳ್ಳುವುದಿಲ್ಲ ಎಂದು ದೋಣಿಯವನು ಹೇಳಿಬಿಟ್ಟ. ಆಯಿ ಮೊಸರಿನ ಗಡಿಗೆಯನ್ನೂ ಕಡಗೋಲನ್ನೂ ಅಪ್ಪನ ಕೈಗೆ ಕೊಟ್ಟು, “ಮನಿ ಮುಂದ ನಿಂತು ಕಡಿ,” ಎಂದಳು. ದಿನಾ ಬೆಳಗ್ಗೆ ಮೊಸರು ಕಡೆಯುವ ಸದ್ದಿಗೆ ಬೆಕ್ಕು ಎಲ್ಲಿದ್ದರೂ ಓಡಿ ಬರುತ್ತಿತ್ತು. ತೇಲಿದ ಮೊದಲ ಬೆಣ್ಣೆ ಅದರದ್ದು. ಅದು ನಮ್ಮ ಮನೆಯ ಕಟ್ಟಳೆ, ಅಪ್ಪನಿಗೂ ಬೆಣ್ಣೆ ಆಮೇಲೆಯೇ.

ದಿನ್ನೆಯಿಂದ ನಮ್ಮ ಮನೆಯ ಮಾಳಿಗೆ, ಅಂದರೆ ಚಪ್ಪಟೆ ಮಣ್ಣಿನ ಸೂರು, ಕಾಣುತ್ತಿತ್ತು. ಊರಿನ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡು ನೋಡಲು ನಿಂತರು. ಹುರಿಮೀಸೆಯ ಕುರಿಗಾರ, ಜನ್ಮದಲ್ಲಿ ಕಡಗೋಲು ಮುಟ್ಟದವನು, ದೋಣಿಯಲ್ಲಿ ಕುಕ್ಕರಗಾಲಲ್ಲಿ ಕುಳಿತು ಗಡಿಗೆಯನ್ನು ಮೊಣಕಾಲ ನಡುವೆ ಒತ್ತಿ ಹಿಡಿದು ಕಡೆಯತೊಡಗಿದ. ಮೊಸರು ಅವನ ಮೀಸೆಗೂ ದೋಣಿಯವನ ಟೋಪಿಗೂ ಹಾರಿತು. ಬೆಕ್ಕಿನ ಸುಳಿವಿಲ್ಲ.

“ಲೇ, ಕುರಿ ಉಣ್ಣೆ ಕತ್ತರಿಸಿದಂಗ ಮಾಡಬ್ಯಾಡೋ! ಸಾವಕಾಶ! ಕೂಸಿಗೆ ತೊಟ್ಟಲಾ ತೂಗಿದಂಗ!” ಎಂದು ಆಯಿ ದಿನ್ನೆಯ ಮೇಲಿಂದ ಒದರಿದಳು.

ಅಪ್ಪ ಕೈ ನಿಧಾನ ಮಾಡಿದ. ಸದ್ದು ಆಯಿಯ ಸದ್ದಿನಂತಾಯಿತು. ಸ್ವಲ್ಪ ಹೊತ್ತಿಗೆ ಮಾಳಿಗೆಯ ಬೆಳಕಿಂಡಿಯಿಂದ ಎರಡು ಕಿವಿ ಕಂಡವು. ಬೆಕ್ಕು ಮಾಳಿಗೆಯ ಅಂಚಿಗೆ ಬಂದು ನಿಂತು, ನೀರು ನೋಡಿ, ಅಪ್ಪನನ್ನು ನೋಡಿ, ಒಂದೇ ನೆಗೆತಕ್ಕೆ ಅವನ ಹೆಗಲ ಮೇಲೆ ಬಿತ್ತು. ದಿನ್ನೆಯ ಮೇಲೆ ಸಿಳ್ಳೆಯೋ ಸಿಳ್ಳೆ. ನಾನು ಕುಣಿದೇಬಿಟ್ಟೆ.

ಶಾಲೆಗೆ ಬಂದದ್ದೇ ಬೆಕ್ಕು ಮರಿಗಳನ್ನು ಒಂದೊಂದಾಗಿ ಮೂಸಿ ನೋಡಿತು, ನೆಕ್ಕಿತು. ಆಮೇಲೆ ಬುಟ್ಟಿ ಮನಸ್ಸಿಗೆ ಬರಲಿಲ್ಲವೋ ಏನೋ, ಎಲ್ಲವನ್ನೂ ಕಚ್ಚಿ ಎತ್ತಿ ಗೋಡೆಗೊರಗಿದ್ದ ಅಪ್ಪನ ತೊಡೆಯ ಮೇಲಿನ ಕಂಬಳಿಗೆ ಸಾಗಿಸಿ, ಅಲ್ಲೇ ಹಾಲು ಕುಡಿಸಲು ಮಲಗಿತು. ಅಪ್ಪ ಅಲುಗಾಡುವಂತಿರಲಿಲ್ಲ. ಊಟಕ್ಕೆ ಕರೆದರೆ, “ನೀವು ಉಣ್ರಿ, ಮರಿ ಮಕ್ಕೊಂಡಾವ,” ಎಂದು ಪಿಸುಗುಟ್ಟಿದ.

ಆಯಿ ಗಡಿಗೆಯ ಮುಚ್ಚಳ ತೆಗೆದಳು. ಅಂಥ ಕಡೆತಕ್ಕೂ ಬೆಣ್ಣೆ ಬಂದಿತ್ತು! ಮೊದಲ ಉಂಡೆಯನ್ನು ಬೆಕ್ಕಿನ ಮುಂದಿಟ್ಟಳು. ಎರಡನೆಯದನ್ನು ರೊಟ್ಟಿಯ ತುಣುಕಿಗೆ ಸವರಿ, ತಲೆ ನೆರೆತ ತನ್ನ ಮಗನ ಬಾಯಿಯ ಹತ್ತಿರ ಹಿಡಿದು, “ಬಾಯಿ ತಗಿ,” ಎಂದಳು. ಅಪ್ಪ ಸುತ್ತ ಕುಳಿತ ಮಂದಿಯನ್ನೊಮ್ಮೆ ನೋಡಿ ಬಾಯಿ ತೆರೆದ. ಅವನು ನುಂಗಿದ್ದು ಕಂಡ ಮೇಲೆಯೇ ಆಯಿ ಉಳಿದ ರೊಟ್ಟಿ ಮುರಿದು ತಾನೂ ಉಂಡಳು.